ಎಡಮೊಣಕೈ ಕೆಳಗಿಳಿದ ವರ್ಷ

ಒಂಬತ್ತನೆಯ ಚೆಂಡೂ ಹಿಡಿಯಬೇಕಾದವನ ತಲೆಯ ಮೇಲಿಂದ ಹಾರಿ ಬೇಲಿಗೆ ಬಡಿದಾಗ ನಾನು ಕ್ಯಾಮೆರಾ ನಿಲ್ಲಿಸಿ ಹುಲ್ಲಿನ ಮೇಲೆ ಕೂತುಬಿಟ್ಟೆ. ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್‌ನ ಒಂದು ಹೈಸ್ಕೂಲಿನ ಮೈದಾನ. ಜೂನ್ ತಿಂಗಳ ಬೆಳಗಿನ ಹತ್ತು ಗಂಟೆ, ಆಗಲೇ ಬಿಸಿಲು ನೆತ್ತಿ ಸುಡುತ್ತಿತ್ತು. ಮೈದಾನ ನಮಗೆ ಸಿಕ್ಕಿದ್ದು ಎರಡೇ ಗಂಟೆಯ ಮಟ್ಟಿಗೆ. ಅದರಲ್ಲಿ ಮುಕ್ಕಾಲು ಗಂಟೆ ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಹುಡುಕುವುದರಲ್ಲಿ ಹೋಯಿತು, ಕಾಲು ಗಂಟೆ ತನ್ನಷ್ಟಕ್ಕೆ ಚಿಮ್ಮತೊಡಗಿದ ಸ್ಪ್ರಿಂಕ್ಲರಿನಿಂದ ನನ್ನ ಲೆನ್ಸುಗಳನ್ನು ಕಾಪಾಡುವುದರಲ್ಲಿ. ಉಳಿದ ಒಂದು ಗಂಟೆಯಲ್ಲಿ ಈ ಮಹಾನುಭಾವ ಬೇಲಿಗೇ ಗುರಿ ಇಟ್ಟವನ ಹಾಗೆ ಎಸೆಯುತ್ತಿದ್ದ.

ಮಹಾನುಭಾವ ಎಂದರೆ ನಮ್ಮ ಕ್ವಾರ್ಟರ್‌ಬ್ಯಾಕು. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಎಸೆಯುತ್ತಾರೆ. ಎಸೆಯುವವನು ಕ್ವಾರ್ಟರ್‌ಬ್ಯಾಕು, ಓಡಿಹೋಗಿ ಹಿಡಿಯುವವನು ರಿಸೀವರ್. ಇಷ್ಟು ಗೊತ್ತಿದ್ದರೆ ಇಲ್ಲಿಗೆ ಸಾಕು. ಉಡುಪಿಯಲ್ಲಿರುವ ನನ್ನ ತಮ್ಮನಿಗೆ ಹದಿನೈದು ವರ್ಷದಿಂದ ಇದನ್ನು ವಿವರಿಸುತ್ತಿದ್ದೇನೆ. ಕಾಲಲ್ಲಿ ಒದೆಯುವುದಿಲ್ಲ ಅಂದಮೇಲೆ ಆ ಹೆಸರು ಎಂತಕ್ಕೆ ಎಂದು ಅವನು ಈಗಲೂ ಕೇಳುತ್ತಾನೆ.

ಇವನನ್ನು ಇವನ ತಂಡ ಮಾರ್ಚ್‌ನಲ್ಲಿ ಕೈಬಿಟ್ಟಿತ್ತು. ವಯಸ್ಸು ಇಪ್ಪತ್ತೆಂಟು. ಜುಲೈ ಕೊನೆಗೆ ಎಲ್ಲ ತಂಡಗಳ ತರಬೇತಿ ಕ್ಯಾಂಪು ಶುರುವಾಗುತ್ತದೆ. ಅಷ್ಟರೊಳಗೆ ಯಾರಾದರೂ ಕರೆದರೆ ಇವನು ಆಟಗಾರ, ಇಲ್ಲವಾದರೆ ಮಾಜಿ ಆಟಗಾರ. ಒಂದಿಡೀ ವರ್ಷ ಮನೆಯಲ್ಲಿ ಕೂತ ಕ್ವಾರ್ಟರ್‌ಬ್ಯಾಕನ್ನು ಮತ್ತೆ ಯಾರೂ ಮೂಸಿ ನೋಡುವುದಿಲ್ಲ. ಅವನ ಎಸೆತಗಳ ಫಿಲ್ಮು ತಯಾರಿಸಿ ತಂಡಗಳಿಗೆ ಕಳಿಸುವುದು ನನ್ನ ಕೆಲಸ.

ಕೋಚುಗಳಿಗೆ ಕಳಿಸುವ ಫಿಲ್ಮಿಗೆ ಅದರದೇ ಮಡಿ ಉಂಟು. ಸಂಗೀತ ಹಾಕುವಂತಿಲ್ಲ. ಸ್ಲೋ ಮೋಷನ್ ಮಾಡುವಂತಿಲ್ಲ. ಧ್ವನಿ ಪೂರ್ತಿ ತೆಗೆಯಬೇಕು. ಪ್ರತಿ ಎಸೆತವನ್ನೂ ಒಮ್ಮೆ ಪಕ್ಕದಿಂದ, ಇನ್ನೊಮ್ಮೆ ಎತ್ತರದ ಕಂಬದ ಮೇಲಿಟ್ಟ ಕ್ಯಾಮೆರಾದಿಂದ ಹಿಂದಿನಿಂದ ತೋರಿಸಬೇಕು. ತಪ್ಪಿದ ಎಸೆತಗಳನ್ನು ಕತ್ತರಿಸಬಾರದು. ಎಲ್ಲವೂ ಚಂದವೇ ಕಂಡರೆ ನೋಡುವವರಿಗೆ ಅನುಮಾನ ಬಂದು ಎರಡನೇ ನಿಮಿಷಕ್ಕೆ ಮುಚ್ಚಿಬಿಡುತ್ತಾರೆ. ತಪ್ಪು ಇರಬೇಕು, ಆದರೆ ಅರವತ್ತರಲ್ಲಿ ಏಳೋ ಎಂಟೋ. ಇವನದು ಆ ದಿನ ಹದಿನಾಲ್ಕು ಎಸೆತಕ್ಕೆ ಒಂಬತ್ತು ತಪ್ಪು.

ನನ್ನನ್ನು ಈ ಕೆಲಸಕ್ಕೆ ಸಿಕ್ಕಿಸಿದವನು ಅವನ ಏಜೆಂಟ್. ಮಂಡ್ಯ ಕಡೆಯ ವಕೀಲ. ಓಕ್ಲ್ಯಾಂಡಿನಲ್ಲಿ ಸಣ್ಣ ಆಫೀಸಿಟ್ಟುಕೊಂಡು ಕಂಪನಿಗಳ ಕಾಂಟ್ರಾಕ್ಟು ನೋಡುತ್ತಾನೆ. ಆಟದ ಹುಚ್ಚಿಗೆ ಪರೀಕ್ಷೆ ಬರೆದು ಆಟಗಾರರ ಏಜೆಂಟೂ ಆಗಿದ್ದಾನೆ. ಇರುವುದು ಮೂರೇ ಮೂರು ಕ್ಲೈಂಟುಗಳು. ಮೂವರಿಗೂ ಕೆಲಸ ಇಲ್ಲ. ಅವನು ನನ್ನನ್ನು ‘ಅಕ್ಕ’ ಎನ್ನುತ್ತಾನೆ. ಅದು ಕೇಳಿ ಕೇಳಿ ಕ್ವಾರ್ಟರ್‌ಬ್ಯಾಕು ನನ್ನ ಹೆಸರೇ ಅಕ್ಕ ಎಂದುಕೊಂಡ. ಆರೂಕಾಲಡಿ ಎತ್ತರದ ಆ ಮನುಷ್ಯ ಮೈದಾನದ ಆಚೆ ತುದಿಯಿಂದ ‘ಅಕ್ಕಾ’ ಎಂದು ಕೂಗುವುದನ್ನು ಕೇಳಿದರೆ ನಗು ಬರಬೇಕು. ಆ ಜೂನಿನಲ್ಲಿ ನನಗೆ ಬರುತ್ತಿರಲಿಲ್ಲ.

ಇನ್ನು ಅವನ ಕೈಪಟ್ಟಿಯ ವಿಷಯ. ಕ್ವಾರ್ಟರ್‌ಬ್ಯಾಕುಗಳು ಎಡ ಮುಂಗೈಗೆ ಅಗಲವಾದ ಕಪ್ಪು ಪಟ್ಟಿ ಕಟ್ಟುತ್ತಾರೆ. ಯಾವ ಆಟ ಹೇಗೆ ಆಡಬೇಕೆಂಬ ಚೀಟಿ ಅದರ ಕಿಸೆಯಲ್ಲಿರುತ್ತದೆ. ಇವನು ಮೊದಲು ಆಡುತ್ತಿದ್ದ ಊರಿನಲ್ಲಿ ಒಬ್ಬ ಶಾಲಾ ಬಸ್ಸಿನ ಡ್ರೈವರನ್ನು ಪೊಲೀಸರು ರಸ್ತೆಬದಿ ನಿಲ್ಲಿಸಿ, ಮಾತಿಗೆ ಮಾತು ಬೆಳೆದು, ಗುಂಡು ಹಾರಿಸಿ ಕೊಂದರು. ಇವನು ಆ ಡ್ರೈವರನ ಹೆಸರನ್ನು ಬಿಳಿ ಮಾರ್ಕರಿನಲ್ಲಿ ಪಟ್ಟಿಯ ಮೇಲೆ ಬರೆದುಕೊಂಡು, ರಾಷ್ಟ್ರಗೀತೆಯ ಹೊತ್ತಿಗೆ ಎಡಗೈ ಎತ್ತಿ ನಿಂತ. ನಾಲ್ಕು ಪಂದ್ಯ ಹಾಗೆ ನಿಂತ. ಟಿವಿಯವರು ಕಚ್ಚಾಡಿದರು, ಅರ್ಧ ಗ್ಯಾಲರಿ ಛೀಮಾರಿ ಹಾಕಿತು, ತಂಡದವರು ಕರೆದು ಸಾಕು ಎಂದರು. ಕೈ ಇಳಿಸಿದ, ಪಟ್ಟಿ ಬಿಚ್ಚಲಿಲ್ಲ. ಕೇಸು ಮುಗಿಯುವವರೆಗೆ ಬಿಚ್ಚುವುದಿಲ್ಲ ಎಂದು ಡ್ರೈವರನ ಹೆಂಡತಿಗೆ ಮಾತು ಕೊಟ್ಟಿದ್ದನಂತೆ. ಕೇಸೋ, ವಾಯಿದೆಯ ಮೇಲೆ ವಾಯಿದೆ ತೆಗೆದುಕೊಂಡು ಆಮೆಯಂತೆ ತೆವಳುತ್ತಿತ್ತು. ಆ ತಂಡ ಅವನನ್ನು ಬಿಟ್ಟಿತು. ಹೋದ ವರ್ಷ ನಾನು ಮಾಡಿಕೊಟ್ಟ ಫಿಲ್ಮು ನೋಡಿ ಇನ್ನೊಂದು ತಂಡ ತೆಗೆದುಕೊಂಡಿತು, ಪಟ್ಟಿಯ ಮೇಲೆ ಟೇಪು ಸುತ್ತಿಸಿ ಆಡಿಸಿತು. ಮೂರು ಪಂದ್ಯ ಆಡಿದ. ಮೂರರಲ್ಲೂ ಚೆಂಡು ಆಕಾಶಕ್ಕೆ ಹಾರಿತು. ಮಾರ್ಚ್‌ನಲ್ಲಿ ಅವರೂ ಬಿಟ್ಟರು.

ಹಾಗಾಗಿ ಅವನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ನೀರು ಕುಡಿಯಲು ಬಂದಾಗಲೆಲ್ಲ ನನ್ನನ್ನು ಕೇಳುತ್ತಿದ್ದ: ನನ್ನನ್ನು ಬೇಡವೆನ್ನುತ್ತಿರುವುದು ಕೈ ಕೆಟ್ಟಿದೆಯೆಂದೋ, ಈ ಹೆಸರಿನಿಂದಲೋ? ಏಜೆಂಟನ್ನು ಕೇಳಿದರೆ ಸೋಮವಾರ ಒಂದು ಉತ್ತರ, ಬುಧವಾರ ಇನ್ನೊಂದು. ನಾನು ಕ್ಯಾಮೆರಾ ಹಿಡಿಯುವವಳು, ನನಗೆಂತ ಗೊತ್ತು ಎಂದು ನುಣುಚಿಕೊಳ್ಳುತ್ತಿದ್ದೆ. ಆದರೆ ಅವನ ಮುಖ ನೋಡಿದರೆ ಕೆಲಸಕ್ಕಿಂತ ಉತ್ತರವೇ ಮುಖ್ಯವಾದ ಹಾಗಿತ್ತು. ಕೈ ಕೆಟ್ಟಿದ್ದರೆ ಮನೆಗೆ ಹೋಗುತ್ತೇನೆ, ಬೇಜಾರಿಲ್ಲ, ಗೊತ್ತಾಗಬೇಕಷ್ಟೆ ಎನ್ನುತ್ತಿದ್ದ.

ಏಜೆಂಟ್ ಫೋನಿನಲ್ಲಿ ಬೇರೆ ದಾರಿಗಳನ್ನು ಒಂದೊಂದಾಗಿ ಹೇಳುತ್ತಿದ್ದ. ಕೆನಡಾದ ಒಂದು ತಂಡ ವಿಚಾರಿಸಿದೆ. ಮುಂದಿನ ವಸಂತದಲ್ಲಿ ಒಂದು ಸಣ್ಣ ಲೀಗು ಶುರುವಾಗಬಹುದು, ಆಗದೆಯೂ ಇರಬಹುದು. ಚೆಂಡೆಸೆಯುವುದು ಬಿಟ್ಟು ಹಿಡಿಯುವವನಾದರೆ ಹೇಗೆ? ಮಾರ್ಗನ್ ಹಿಲ್‌ನ ಒಂದು ಹೈಸ್ಕೂಲಿನಲ್ಲಿ ಸಹಾಯಕ ಕೋಚ್ ಬೇಕಂತೆ. ಕ್ವಾರ್ಟರ್‌ಬ್ಯಾಕು ಎಲ್ಲವನ್ನೂ ತಲೆಯಾಡಿಸಿ ಕೇಳಿಸಿಕೊಳ್ಳುತ್ತಿದ್ದ. ಮೊದಲು ಕ್ಯಾಂಪು ಎನ್ನುತ್ತಿದ್ದ.

ಆ ದಿನದ ಫುಟೇಜು ಹಿಡಿದುಕೊಂಡು ನನ್ನ ಮನೆಯಿರುವ ಮಾರ್ಗನ್ ಹಿಲ್‌ಗೆ ಬಂದೆ. ನನ್ನ ಗ್ಯಾರೇಜೇ ನನ್ನ ಸ್ಟುಡಿಯೋ. ಫ್ರೀವೇಯಲ್ಲಿ ಎರಡು ಗಂಟೆ ಕೊಳೆತದ್ದರಿಂದ ತಲೆ ಸಿಡಿಯುತ್ತಿತ್ತು. ಕಳಿಸುವಂಥದ್ದು ಏನೂ ಇಲ್ಲ ಎಂದು ಗೊತ್ತಿತ್ತು. ಆದರೂ ಚೆಂಡು ಯಾಕೆ ಹಾರುತ್ತದೆ ಎಂಬುದಾದರೂ ತಿಳಿಯಲಿ ಎಂದು ಹಠಕ್ಕೆ ಬಿದ್ದೆ. ಅವನ ಕಾಲೇಜು ದಿನಗಳ ಹಳೆಯ ಫಿಲ್ಮು ಏಜೆಂಟ್ ಕಳಿಸಿದ್ದ. ಅದನ್ನು ಎಡಕ್ಕೆ, ಹೊಸದನ್ನು ಬಲಕ್ಕೆ ಇಟ್ಟೆ. ಎರಡರಲ್ಲೂ ಮುಂದಿನ ಕಾಲು ನೆಲಕ್ಕೆ ತಾಗುವ ಫ್ರೇಮನ್ನು ಹುಡುಕಿ ಒಂದಕ್ಕೊಂದು ಹೊಂದಿಸಿದೆ. ಆಮೇಲೆ ಒಂದೊಂದೇ ಫ್ರೇಮು ಮುಂದೆ ಸರಿಸುತ್ತ ಹೋದೆ.

ಬಲಗೈ ಎರಡರಲ್ಲೂ ಒಂದೇ ತರಹ ಇತ್ತು. ಸೊಂಟ ಅದೇ, ಪಾದ ಅದೇ. ಒಂದು ಗಂಟೆ ಬಲಗೈಯನ್ನೇ ನೋಡಿದ್ದು ನನ್ನ ದಡ್ಡತನ. ಎಸೆಯದ ಕೈಯನ್ನು ಯಾರು ನೋಡುತ್ತಾರೆ? ಕೊನೆಗೆ ಕಣ್ಣಿಗೆ ಬಿತ್ತು. ಹಳೆಯದರಲ್ಲಿ ಎಸೆಯುವ ಮೊದಲು ಎಡಮೊಣಕೈ ಭುಜದ ಮಟ್ಟಕ್ಕೆ ಎದ್ದು, ಚೆಂಡು ಹೋಗಬೇಕಾದ ದಿಕ್ಕಿಗೆ ತೋರಿಸಿ, ಆಮೇಲೆ ಮೈಗೆ ಸೆಳೆದುಕೊಳ್ಳುತ್ತಿತ್ತು. ಹೊಸದರಲ್ಲಿ ಎಡಗೈ ಏಳುವುದೇ ಇಲ್ಲ. ಮಣಿಕಟ್ಟು ಒಳಕ್ಕೆ ತಿರುಗಿ, ಪೆಟ್ಟು ಬಿದ್ದ ಕೈಯ ಹಾಗೆ ಪಕ್ಕೆಲುಬಿಗೆ ಅಂಟಿಕೊಂಡಿದೆ. ಎಡಗೈ ತಡೆಯದ ಕಾರಣ ಎದೆ ಬೇಗ ತೆರೆದುಕೊಳ್ಳುತ್ತದೆ, ಬಲಗೈ ಹಿಂದೆ ಬೀಳುತ್ತದೆ, ಚೆಂಡು ಮೇಲಕ್ಕೆ ಹೋಗುತ್ತದೆ. ಹದಿನಾಲ್ಕು ಎಸೆತದಲ್ಲೂ ಎಡಗೈ ಹೀಗೇ ಇತ್ತು.

ಮರುದಿನ ಅವನನ್ನು ಗ್ಯಾರೇಜಿಗೇ ಕರೆಸಿ ತೋರಿಸಿದೆ. ಅವನು ಸ್ಕ್ರೀನಿನ ಹತ್ತಿರ ಬಂದು ಬಗ್ಗಿ ನೋಡಿದ. ನನಗೆ ಸಿಟ್ಟು ಉಕ್ಕುತ್ತಿತ್ತು. ಇಷ್ಟು ದೊಡ್ಡ ದೊಡ್ಡ ತಂಡಗಳು, ಒಬ್ಬೊಬ್ಬ ಆಟಗಾರನಿಗೆ ನಾಲ್ಕು ಜನ ಕೋಚುಗಳು, ಒಬ್ಬನಿಗೂ ಕಣ್ಣಿಲ್ಲವೇ? ಯಾವ ತಲೆಕೆಟ್ಟವನು ನಿನಗೆ ಹೀಗೆ ಎಸೆಯಲು ಹೇಳಿಕೊಟ್ಟದ್ದು ಎಂದು ಅವನ ಮೇಲೆಯೇ ರೇಗಿದೆ.

ಅವನು ನನ್ನ ಮುಖ ನೋಡಿದ. ತಮಾಷೆ ಮಾಡುತ್ತಿದ್ದಾಳೋ ಎಂಬ ಅನುಮಾನ ಅವನ ಕಣ್ಣಲ್ಲಿತ್ತು. ಆಮೇಲೆ ಬಹಳ ಮೆತ್ತಗೆ ಇಂಗ್ಲಿಷಿನಲ್ಲಿ ಹೇಳಿದ: “ನೀವೇ ಹೇಳಿದ್ದಲ್ಲವಾ, ಅಕ್ಕ.”

ನಾನು ಹೇಳಲಿಲ್ಲ ಎಂದೆ. ಹೋದ ವರ್ಷ, ಅದೇ ಮೈದಾನದಲ್ಲಿ, ಶೂಟಿಂಗಿನ ಎರಡನೇ ದಿನ ಎಂದ. ಇಲ್ಲವೇ ಇಲ್ಲ ಎಂದೆ. ಅವನು ವಾದ ಮಾಡಲಿಲ್ಲ. ಅವನು ವಾದ ಮಾಡುವವನೇ ಅಲ್ಲ. ಕಾರು ಹತ್ತಿ ಹೋದ.

ಕೋಚುಗಳಿಗೆ ಹೋಗುವ ಫಿಲ್ಮಿನಲ್ಲಿ ಧ್ವನಿ ಇರುವುದಿಲ್ಲ, ಆದರೆ ಕ್ಯಾಮೆರಾದ ಮೂಲ ಫೈಲಿನಲ್ಲಿ ಇರುತ್ತದೆ. ಹೋದ ವರ್ಷದ ಡ್ರೈವನ್ನು ಕಪಾಟಿನಿಂದ ತೆಗೆದು ಎರಡನೇ ದಿನದ್ದನ್ನು ಹಾಕಿದೆ. ಹಾಕುವಾಗಲೇ ನೆನಪು ಬರತೊಡಗಿತ್ತು. ಆ ವರ್ಷ ಏಜೆಂಟ್ ಪಟ್ಟಿಯ ಮೇಲಿನ ಹೆಸರನ್ನು ಮಸುಕು ಮಾಡಿ ಎಂದಿದ್ದ. ಬ್ಲರ್ ಮಾಡುವುದೆಂದರೆ ಜನರಿಗೆ ಏನೋ ಒಂದು ಬಟನ್ ಒತ್ತಿದ ಹಾಗೆ. ಕಪ್ಪು ಅಂಗಿಯ ಎದುರು ಕಪ್ಪು ಪಟ್ಟಿ ಹಾದರೆ ಸಾಫ್ಟ್‌ವೇರು ಅದನ್ನು ಕಳೆದುಕೊಳ್ಳುತ್ತದೆ. ಆಗ ಫ್ರೇಮು ಫ್ರೇಮಿಗೂ ಕೈಯಲ್ಲೇ ಮಾಡಬೇಕು. ಮೊದಲ ದಿನದ ಫುಟೇಜಿಗೆ ನನಗೆ ನಾಲ್ಕು ದಿನ ಹಿಡಿದಿತ್ತು.

ಮೂರನೇ ಫೈಲಿನಲ್ಲಿ ನನ್ನ ದನಿ ಸಿಕ್ಕಿತು. ಗಂಟಲು ಹರಿದುಕೊಂಡ ದನಿ. ಆ ಎಡಗೈಯನ್ನು ಎದೆಗೆ ಒತ್ತಿಟ್ಟುಕೋ ಮಾರಾಯ, ಒಳಗೆ ತಿರುಗಿಸು, ಹೆಸರು ಕಾಣದಿದ್ದರೆ ನನಗೆ ಕೆಲಸ ಸುಲಭವಾಗುತ್ತದೆ ಎಂದು ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಕೂಗಿದ್ದೇನೆ. ಅವನ ದನಿ ದೂರದಿಂದ ಕೇಳುತ್ತದೆ: ಯಾವಾಗಲೂ ಹಾಗೇನಾ? ನಾನು ಯಾವಾಗಲೂ ಎಂದಿದ್ದೇನೆ. ತಲೆ ಎತ್ತಿ ನೋಡಿರಲಿಕ್ಕೂ ಇಲ್ಲ, ಫೋಕಸ್ ಸರಿಮಾಡುತ್ತಿದ್ದೆನೋ ಏನೋ.

ಇವರ ಲೋಕವೇ ಹಾಗೆ. ಏಳನೇ ವಯಸ್ಸಿನಿಂದ ಯಾರೋ ಒಬ್ಬರು ಹೇಳುತ್ತಾರೆ, ಇವರು ಮಾಡುತ್ತಾರೆ. ಎಷ್ಟು ಹೊತ್ತಿಗೆ ಏಳಬೇಕು, ಏನು ತಿನ್ನಬೇಕು, ಹೆಬ್ಬೆರಳು ಎಲ್ಲಿರಬೇಕು. ಮೈದಾನದ ಅಂಚಿನಲ್ಲಿ ಕ್ಯಾಮೆರಾ ಹಿಡಿದು ಗದರುವ ಹೆಂಗಸನ್ನೂ ಅವನು ಕೋಚುಗಳ ಸಾಲಿಗೆ ಸೇರಿಸಿಕೊಂಡಿದ್ದ. ನನ್ನ ನಾಲ್ಕು ದಿನದ ಬೇಸರಕ್ಕೆ ಹೇಳಿದ ಮಾತನ್ನು ಅವನು ಇಡೀ ವರ್ಷ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದಾನೆ. ಹೊಸ ತಂಡದ ಕೋಚುಗಳು ಇವನು ಎಸೆಯುವುದೇ ಹೀಗೆ ಎಂದುಕೊಂಡಿದ್ದಾರೆ. ಅವರು ನೋಡಿದ್ದು ನನ್ನ ಫಿಲ್ಮನ್ನೇ ತಾನೆ, ಆಗಿನ್ನೂ ಹಳೆಯ ಅಭ್ಯಾಸದ ಬಲದಲ್ಲಿ ಚೆಂಡು ಗುರಿ ತಪ್ಪುತ್ತಿರಲಿಲ್ಲ. 

ಸಂಜೆ ಗಂಡನಿಗೆ ಹೇಳಿದೆ. ಅವರು ಓಕ್ಲ್ಯಾಂಡ್ ಬಂದರಿನ ಆಫೀಸಿನಲ್ಲಿ ಕಂಟೇನರುಗಳ ಕಾಗದಪತ್ರ ನೋಡುವವರು. ಯಾವ ವಿಷಯಕ್ಕೂ ಗಾಬರಿಯಾಗುವವರಲ್ಲ. ಅನ್ನಕ್ಕೆ ಸಾರು ಕಲಸುತ್ತ ಪೂರ್ತಿ ಕೇಳಿಸಿಕೊಂಡು, ಹುಡುಗನಿಗೆ ತಪ್ಪು ಗೊತ್ತಾಯಿತಲ್ಲ, ತಿದ್ದಿಕೊಳ್ಳುತ್ತಾನೆ, ನೀನು ಆ ವಕೀಲನಿಗೆ ಹೇಳಲಿಕ್ಕೆ ಹೋಗಬೇಡ ಎಂದರು. ವಕೀಲ ಎಂಬ ಪದವನ್ನು ಒತ್ತಿ ಹೇಳಿದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಆ ಧ್ವನಿ ನನ್ನ ಬಳಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಅಳಿಸಿದರೆ ಮುಗಿಯಿತು. ಸುಳ್ಳು ಹೇಳುವುದಿಲ್ಲ, ಆ ಫೈಲಿನ ಮೇಲೆ ಬೆರಳಿಟ್ಟುಕೊಂಡು ಒಂದಷ್ಟು ಹೊತ್ತು ಕೂತಿದ್ದೆ.

ಅಳಿಸದೆ ಉಳಿಸಿದ್ದು ಒಳ್ಳೆಯತನದಿಂದಲ್ಲ. ಹೊಸ ಫಿಲ್ಮು ಮಾಡಲು ಕಡಿಮೆ ಎಂದರೂ ಮೂರು ವಾರ ಬೇಕು, ಮೂರು ವಾರ ಯಾಕೆ ಬೇಕು ಎಂದು ಏಜೆಂಟಿಗೆ ಹೇಳಲೇಬೇಕು. ಆ ಹುಡುಗ ಸುಳ್ಳು ಹೇಳುವ ಪೈಕಿಯಲ್ಲ, ಕೇಳಿದರೆ ಹೇಳಿಯೇಬಿಡುತ್ತಾನೆ. ಅವನ ಬಾಯಿಂದ ಬರುವುದಕ್ಕಿಂತ ನನ್ನ ಬಾಯಿಂದ ಬರಲಿ ಎಂದು ಮರುದಿನ ಇಬ್ಬರನ್ನೂ ಕೂರಿಸಿ ಆ ಫೈಲು ಕೇಳಿಸಿದೆ.

ಏಜೆಂಟಿಗೆ ಸಿಟ್ಟು ಬಂದರೆ ಅವನ ಆಫೀಸು ಭಾಷೆಯೆಲ್ಲ ಕಳಚಿ ಮಂಡ್ಯ ಹೊರಗೆ ಬರುತ್ತದೆ. “ಏನಕ್ಕಾ ನೀವು, ಬ್ಲರ್ ಮಾಡಕ್ಕೆ ಬ್ಯಾಸರ ಅಂತ ಒಬ್ಬನ ಕೆರಿಯರೇ ಕಿತ್ತಾಕ್ಬುಟ್ರಲ್ಲ” ಎಂದ.  ಹೆಸರು ಮಸುಕು ಮಾಡಿ ಎಂದವನು ನೀನೇ ಅಲ್ಲವೇ ಎಂದು ತಿರುಗಿಸಿ ಕೇಳಬಹುದಿತ್ತು, ಆಮೇಲೆ ಕೇಳಿದೆ ಕೂಡ. ಮೊದಲು ಕ್ವಾರ್ಟರ್‌ಬ್ಯಾಕಿಗೆ ಕ್ಷಮೆ ಕೇಳಿದೆ. ಅವನು ಪಟ್ಟಿಯ ಅಂಚನ್ನು ಉಗುರಿನಿಂದ ಎಬ್ಬಿಸುತ್ತ ಕೂತಿದ್ದ.

ಕೊನೆಗೆ ಅವನೇ ಮಾತಾಡಿದ. “ನೀವು ಹೇಳಿದಿರಿ, ನಾನು ಮಾಡಿದೆ. ಹುಟ್ಟಿದಾಗಿನಿಂದ ನಾನು ಮಾಡಿದ್ದು ಅಷ್ಟೇ, ಅಕ್ಕ. ಯಾರೂ ಹೇಳದೆ ನಾನೇ ಮಾಡಿದ್ದು ಅಂದರೆ ಈ ಹೆಸರು ಬರೆದದ್ದು ಒಂದೇ.”



ಅಭ್ಯಾಸಕ್ಕೆ ಎಸೆತದ ಕೋಚನ್ನು ಹುಡುಕೋಣ ಎಂದು ಏಜೆಂಟ್ ಹೇಳಿದಾಗ ಅವನು ಮೊದಲ ಸಲ ಬೇಡ ಎಂದ. ಇನ್ನೊಬ್ಬರು ಇನ್ನೊಂದು ಹೇಳುತ್ತಾರೆ, ನನ್ನ ಹಳೆಯ ಫಿಲ್ಮು ಸಾಕು ಎಂದ. ಕಾಲೇಜಿನ ಹನ್ನೆರಡು ಎಸೆತಗಳನ್ನು ಆರಿಸಿ, ಸುತ್ತಿ ಸುತ್ತಿ ಓಡುವ ಹಾಗೆ ಅವನ ಫೋನಿಗೆ ಹಾಕಿಕೊಟ್ಟೆ. ಬೆಳಿಗ್ಗೆ ಆರಕ್ಕೆ ಮೈದಾನ. ನೂರು ಎಸೆತ, ಪ್ರತಿ ಹತ್ತಕ್ಕೊಮ್ಮೆ ಬಂದು ನನ್ನ ಸ್ಕ್ರೀನಿನಲ್ಲಿ ಮೊಣಕೈ ನೋಡುವುದು. ನಾನು ಬಾಯಿ ಬಿಡುವಂತಿಲ್ಲ ಎಂದು ನನಗೆ ನಾನೇ ನಿಯಮ ಹಾಕಿಕೊಂಡೆ. ಭುಜದ ಮಟ್ಟಕ್ಕೆ ಒಂದು ಗೆರೆ ಎಳೆದು ಕೊಡುತ್ತಿದ್ದೆ. ಮೊಣಕೈ ಗೆರೆ ಮುಟ್ಟಿತೋ ಇಲ್ಲವೋ ಅವನೇ ನೋಡಿಕೊಳ್ಳಲಿ.

ಮೊದಲ ವಾರ ನರಕ. ಅರವತ್ತನೇ ಎಸೆತದವರೆಗೆ ಕೈ ಏಳುತ್ತಿತ್ತು, ದಣಿವಾದ ಕೂಡಲೇ ಮತ್ತೆ ಪಕ್ಕೆಗೆ ಹೋಗಿ ಅಂಟುತ್ತಿತ್ತು. ಒಂದು ದಿನ ಭುಜ ಹಿಡಿದುಕೊಂಡಿತು, ಎರಡು ದಿನ ಐಸಿಟ್ಟುಕೊಂಡು ಕೂತ. ಒಂದು ದಿನ ಬರುತ್ತೇವೆಂದ ರಿಸೀವರುಗಳು ಬರಲಿಲ್ಲ. ಐವತ್ತೆರಡು ವರ್ಷದ ನಾನು ಮೈದಾನದ ತುದಿಯಲ್ಲಿ ನಿಂತು ನೆಲಕ್ಕೆ ಬಿದ್ದ ಚೆಂಡುಗಳನ್ನು ಹೆಕ್ಕಿ ಹೆಕ್ಕಿ ಚೀಲಕ್ಕೆ ತುಂಬಿದೆ. ಇನ್ನೊಂದು ದಿನ ಮಕ್ಕಳ ಬೇಸಿಗೆ ಶಿಬಿರಕ್ಕೆ ಮೈದಾನ ಕೊಟ್ಟಿದ್ದೇವೆ ಎಂದು ನಮ್ಮನ್ನು ಓಡಿಸಿದರು. ಪರ್ಮಿಟ್ ನಮ್ಮ ಕೈಯಲ್ಲೇ ಇತ್ತು. ಪರ್ಮಿಟ್ ಕೊಟ್ಟ ಆಫೀಸಿಗೆ ಫೋನು ಮಾಡಿದರೆ ನಲವತ್ತು ನಿಮಿಷ ಸಂಗೀತ ಕೇಳಿಸಿ, ಇಬ್ಬರಿಗೂ ಕೊಟ್ಟಿದ್ದೇವೆ, ನೀವೇ ಹೊಂದಿಸಿಕೊಳ್ಳಿ ಎಂದರು. ಸಾಕಪ್ಪಾ ಸಾಕು ಎನಿಸಿತ್ತು.

ಎರಡನೇ ವಾರದ ಕೊನೆಗೆ ತೊಂಬತ್ತನೇ ಎಸೆತದಲ್ಲೂ ಮೊಣಕೈ ಗೆರೆ ಮುಟ್ಟಿತು. ಅವನು ಸ್ಕ್ರೀನು ನೋಡಿ ಹಿಂತಿರುಗಿ ಹೋಗಿ ಇನ್ನೂ ಹತ್ತು ಎಸೆದ. ಮೂರನೇ ವಾರ ಶೂಟಿಂಗು. ಇಬ್ಬರು ರಿಸೀವರುಗಳು ಬಂದರು, ಗಾಳಿ ಇರಲಿಲ್ಲ, ಗೇಟು ತೆರೆದಿತ್ತು. ಅರವತ್ತು ಎಸೆತ. ತಪ್ಪಿದ್ದು ಆರು. ಐವತ್ತು ಗಜದ ಉದ್ದನೆಯ ಎಸೆತವೊಂದು ಓಡುತ್ತಿದ್ದ ರಿಸೀವರನ ಎರಡು ಅಂಗೈಗೆ ಬಂದು ಕೂತಾಗ ನನ್ನ ನಿಯಮ ನಾನೇ ಮುರಿದು ಭಲೇ ಎಂದು ಕೂಗಿದೆ. ಧ್ವನಿ ಹೇಗೂ ತೆಗೆಯುತ್ತೇನಲ್ಲ.

ಪ್ರತಿ ಎಸೆತದಲ್ಲೂ ಎಡಗೈ ಏಳುತ್ತಿತ್ತು. ಪ್ರತಿ ಸಲ ಎದ್ದಾಗಲೂ ಪಟ್ಟಿಯ ಮೇಲಿನ ಬಿಳಿ ಹೆಸರು ಕ್ಯಾಮೆರಾಕ್ಕೆ ನೇರ ಓದಿಸಿಕೊಳ್ಳುತ್ತಿತ್ತು. ಅರವತ್ತು ಎಸೆತ, ಎರಡು ಕೋನ, ನೂರ ಇಪ್ಪತ್ತು ಸಲ.

ಏಜೆಂಟ್ ಗ್ಯಾರೇಜಿಗೆ ಬಂದು ಪೂರ್ತಿ ನೋಡಿದ. ಎಸೆತಗಳು ಸೂಪರ್ ಎಂದ. ಆಮೇಲೆ ತಲೆ ಕೆರೆದುಕೊಂಡು, “ಅಕ್ಕ, ಇದೊಂದ್ ಸಲ ಆ ನೇಮನ್ನ ಬ್ಲರ್ ಮಾಡ್ಬಿಡಿ. ಪ್ಲೀಸ್. ಟೈಮ್ ಇದೆ” ಎಂದ.

ಮಾಡುವುದಿಲ್ಲ ಎಂದೆ. ಅವನು ಬೇಸರವಾಗುತ್ತದಾ ಎಂದು ಕುಟುಕಿದ. ಕುಟುಕಿಸಿಕೊಳ್ಳಬೇಕಾದ್ದೇ. ಆದರೆ ನನ್ನ ಕಾರಣ ಬೇರೆ ಇತ್ತು, ಅದನ್ನು ಸ್ಕ್ರೀನಿನಲ್ಲಿ ತೋರಿಸಿದೆ. ಒಂದು ಎಸೆತಕ್ಕೆ ಬ್ಲರ್ ಹಾಕಿ ಓಡಿಸಿದೆ. ಮುಂಗೈಯಿಂದ ಮೊಣಕೈವರೆಗೂ ಒಂದು ಬೂದು ಮೋಡ. ಹೋದ ಸೀಸನ್ನಿನಲ್ಲಿ ಇವನ ಚೆಂಡು ಹಾರಿದ್ದನ್ನು ಎಲ್ಲ ತಂಡಗಳೂ ನೋಡಿವೆ. ಎಡಗೈಯನ್ನು ಮುಚ್ಚಿದ ಫಿಲ್ಮು ಕಂಡರೆ ಕೋಚು ಮೊದಲು ಕೇಳುವುದು, ಕೈಯಲ್ಲಿ ಏನು ಅಡಗಿಸುತ್ತಿದ್ದಾರೆ ಎಂದು. ಅವನು ತಿದ್ದಿಕೊಂಡದ್ದೇ ಆ ಜಾಗವನ್ನು. ಅದನ್ನೇ ಮುಚ್ಚಿದರೆ ಮೂರು ವಾರ ಯಾಕೆ ಬೆವರು ಸುರಿಸಿದ್ದು? ಮಸುಕು ಮಾಡಿದ್ದೇ ಬೇಕಿದ್ದರೆ ಬೇರೆ ಯಾರಿಂದಲಾದರೂ ಮಾಡಿಸು, ಡ್ರೈವು ಕೊಡುತ್ತೇನೆ ಎಂದೆ. ಏಜೆಂಟ್ ಕ್ವಾರ್ಟರ್‌ಬ್ಯಾಕಿನ ಮುಖ ನೋಡಿದ. ಅವನು ಭುಜ ಕುಣಿಸಿದ. ಆ ಮಧ್ಯಾಹ್ನವೇ ಫಿಲ್ಮು ಇದ್ದ ಹಾಗೆ ಎಲ್ಲ ತಂಡಗಳಿಗೂ ಹೋಯಿತು.

ಆಮೇಲೆ ಹನ್ನೊಂದು ದಿನ ಯಾರದೂ ಸುದ್ದಿಯಿಲ್ಲ. ಫಿಲ್ಮನ್ನು ಎಷ್ಟು ಜನ ತೆರೆದರು ಎಂದು ನನ್ನ ಕಡೆ ಗೊತ್ತಾಗುತ್ತದೆ. ತೆರೆದವರು ಬಹಳ. ಕೊನೆಯ ಎಸೆತದವರೆಗೂ ನೋಡಿದವರೂ ಬಹಳ. ಉತ್ತರಿಸಿದವರು ಸೊನ್ನೆ. ಏಜೆಂಟ್ ದಿನಕ್ಕೆ ನಾಲ್ಕು ಸಲ ಫೋನು ಮಾಡಿ, ಹೇಳಿದ್ದೆ ನಿಮಗೆ, ಹೇಳಿದ್ದೆ ನಿಮಗೆ ಎನ್ನುತ್ತಿದ್ದ. ಕೆನಡಾದವರು ಮಾತ್ರ ಎರಡನೇ ಸಲ ಕೇಳಿದರು, ಪಟ್ಟಿಯ ಮಾತೇ ಎತ್ತಲಿಲ್ಲ. ಅಲ್ಲಿ ಸೀಸನ್ನು ಆಗಲೇ ಶುರುವಾಗಿತ್ತು, ಅವರಿಗೆ ವಾರದೊಳಗೆ ಉತ್ತರ ಬೇಕಿತ್ತು.

ಹನ್ನೆರಡನೇ ದಿನ ಇಬ್ಬರೂ ನನ್ನ ಗ್ಯಾರೇಜಿನಲ್ಲಿದ್ದರು, ಕೆನಡಾಕ್ಕೆ ಕಳಿಸಲು ಅವರ ಅಳತೆಯ ಮೈದಾನಕ್ಕೆ ಹೊಂದುವ ಎಸೆತಗಳನ್ನು ಆರಿಸುತ್ತ. ಏಜೆಂಟಿನ ಫೋನು ಬಡಿದುಕೊಂಡಿತು. ಹೆಸರು ನೋಡಿದವನೇ ತಟಕ್ಕನೆ ಎದ್ದ. ಹೊರಗೆ ಹೋಗಿ ಹತ್ತು ನಿಮಿಷ ಮಾತಾಡಿ ಬಂದ. ಒಂದು ತಂಡದ ಆಯ್ಕೆ ವಿಭಾಗದವನು. ಅವರ ಎರಡನೇ ಕ್ವಾರ್ಟರ್‌ಬ್ಯಾಕಿನ ಕಾಲು ಉಳುಕಿದೆ. ಇವನು ನಾಳೆಯೇ ಹೊರಟು ಬರಬಹುದು. ಪಟ್ಟಿ ಮಾತ್ರ ಮನೆಯಲ್ಲಿ ಬಿಟ್ಟು ಬರಬೇಕು. ಟೇಪು ಗೀಪು ಏನೂ ಬೇಡ, ಬರೀ ಕೈಯಲ್ಲಿ ಬರಬೇಕು.

ಏಜೆಂಟಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಟಿಕೆಟ್ ಬುಕ್ ಮಾಡಲಾ ಎಂದು ಕೇಳುತ್ತಲೇ ಇದ್ದ. ಕ್ವಾರ್ಟರ್‌ಬ್ಯಾಕು ಅದಕ್ಕೆ ಉತ್ತರಿಸದೆ, ಎಸೆತದ ಬಗ್ಗೆ ಅವರು ಏನೆಂದರು ಎಂದು ಕೇಳಿದ. ಏಜೆಂಟಿಗೆ ಅದೆಲ್ಲ ಈಗ ಯಾಕೆ ಎನಿಸಿತು. ಚೆನ್ನಾಗಿದೆ ಅಂದ್ರು ಎಂದು ಕೈಯಾಡಿಸಿದ. ಇವನು ಬಿಡಲಿಲ್ಲ. ಸರಿಯಾಗಿ ಹೇಳು, ಅವರ ಮಾತಲ್ಲೇ ಹೇಳು ಎಂದ. ಆಗ ಏಜೆಂಟ್ ನೆನಪಿಸಿಕೊಂಡು ಹೇಳಿದ: ಕೈಯಲ್ಲಿ ಯಾವ ದೋಷವೂ ಇಲ್ಲ, ಈ ಬೇಸಿಗೆಯಲ್ಲಿ ಹೊರಗಿರುವವರಲ್ಲಿ ಇಷ್ಟು ಚೆನ್ನಾಗಿ ಎಸೆಯುವವರನ್ನು ನಾವು ನೋಡಿಲ್ಲ, ಎರಡು ವಾರದಿಂದ ನಮ್ಮ ಕೋಣೆಯಲ್ಲಿ ಇದೇ ಚರ್ಚೆ, ಪಟ್ಟಿ ಒಂದು ಇಲ್ಲದಿದ್ದರೆ ಮೊದಲ ದಿನವೇ ಫೋನು ಮಾಡುತ್ತಿದ್ದೆವು.

“ಇನ್ನೊಮ್ಮೆ ಹೇಳು” ಎಂದ ಕ್ವಾರ್ಟರ್‌ಬ್ಯಾಕು. ಏಜೆಂಟ್ ಇನ್ನೊಮ್ಮೆ ಹೇಳಿದ.

ನಾನು ಒಳಗೊಳಗೇ ತಲೆ ಚಚ್ಚಿಕೊಳ್ಳುತ್ತಿದ್ದೆ. ಬಿಚ್ಚಿಡೋ ಮಾರಾಯ, ಡ್ರಾಯರಿನಲ್ಲಿಟ್ಟು ಹೋಗು, ಕೇಸು ನಿನಗಾಗಿ ಕಾಯುತ್ತಾ ಇರುವುದಿಲ್ಲ, ಆ ಹೆಂಗಸೂ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು. ನಾನಾಗಿದ್ದರೆ ಖಂಡಿತ ಬಿಚ್ಚಿಡುತ್ತಿದ್ದೆ. ಆದರೆ ಅವನಿಗೆ ಹೀಗೆ ಮಾಡು ಎಂದು ನಾನು ಹೇಳಿದ್ದು ಒಂದು ಸಲಕ್ಕೇ ಸಾಕಾಗಿತ್ತು. ತುಟಿ ಕಚ್ಚಿ ಹಿಡಿದು ಕೂತೆ.

ಅವನು ಏಜೆಂಟಿಗೆ ಥ್ಯಾಂಕ್ಸ್ ಹೇಳಿದ, ಕೆನಡಾದವರಿಗೆ ಬರುತ್ತೇನೆ ಎಂದು ತಿಳಿಸು ಎಂದ. ಏಜೆಂಟ್ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಮಂಡ್ಯದಲ್ಲಿ, ಆಮೇಲೆ ಯಾವ ಭಾಷೆಯಲ್ಲೂ ಅಲ್ಲದ ಹಾಗೆ ಅರ್ಧ ಗಂಟೆ ಬೈದ. ಹೋದ ವರ್ಷ ಅಡಗಿಸಿಯೇ ಆಡಿದೆನಲ್ಲ, ಹೇಗಿತ್ತು ನೀನೇ ನೋಡಿದೆಯಲ್ಲ ಎಂದು ಬಿಟ್ಟರೆ ಅವನು ಬೇರೇನೂ ಹೇಳಲಿಲ್ಲ. ಏಜೆಂಟ್ ಬಾಗಿಲು ಬಡಿದುಕೊಂಡು ಆ ಕೆನಡಾ ತಂಡದ ಊರಾದ ಹ್ಯಾಮಿಲ್ಟನ್ನಿಗೆ ಹಾರುವ ವಿಮಾನ ಹುಡುಕಲು ಕಾರಿಗೆ ಹೋದ.

ನಾನು ಕೆನಡಾಕ್ಕೆ ಹೋಗಬೇಕಾದ ಎಸೆತಗಳನ್ನು ಮತ್ತೆ ಜೋಡಿಸತೊಡಗಿದೆ.  ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಾಲು ಚಾಚಿದ್ದ. ಜೂನಿನಿಂದ ಅವನ ಹುಬ್ಬಿನ ನಡುವೆ ಇದ್ದ ಗೆರೆ ಕಾಣಲಿಲ್ಲ.

“ಹಾಗಾದರೆ ನನ್ನ ಕೈ ಚೆನ್ನಾಗಿದೆ” ಎಂದ, ಯಾರಿಗೂ ಅಲ್ಲದ ಹಾಗೆ.

ಹೌದು, ಕೈ ಚೆನ್ನಾಗಿದೆ ಎಂದೆ.